ಬಂಧಕ್ಕೊಂದು ಮಹಾಪ್ರಾಣ

ಮುಂಬಯಿಯ ಘಾಟ್ಕೋಪರ್‌ನ ಆ ಕನ್ನಡ ಶಾಲೆಯ ಎಂಟನೆಯ ತರಗತಿಯಲ್ಲಿ ಉಳಿದಿದ್ದವರು ಮೂವರೇ ಮಕ್ಕಳು. ಜೂನ್‌ನಿಂದ ಶಾಲೆಯೇ ಇರುವುದಿಲ್ಲವೆಂದು ಹೆಡ್‌ಮಾಸ್ತರರು ಬೆಳಿಗ್ಗೆ ಸೇವಂತಿ ಟೀಚರಿಗೆ ಹೇಳಿದ್ದರು. ಮಕ್ಕಳಿಗೆ ಈಗಲೇ ಹೇಳಬೇಡಿ, ಪಾಠ ಮುಗಿಸಿ ಎಂದೂ ಸೇರಿಸಿದ್ದರು. ಮುಗಿಸಬೇಕಂತೆ! ಯಾವ ಭಾಗ್ಯಕ್ಕೆ ಎಂದು ಒಳಗೊಳಗೇ ಕುದಿಯುತ್ತ ಆಕೆ ಬೋರ್ಡಿನ ಮೇಲೆ ‘ಅಯಾನಿಕ ಬಂಧ’ ಎಂದು ಬರೆದರು.

ಸೋಡಿಯಂ ತನ್ನದೊಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಡುತ್ತದೆ, ಆಮೇಲೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂದರು. ಸಹವೇಲೆನ್ಸೀಯ ಬಂಧದಲ್ಲಾದರೆ ಕೊಡುವುದಿಲ್ಲ, ಹಂಚಿಕೊಳ್ಳುತ್ತವೆ.

ವಿಜಯಪುರದ ಕಡೆಯ ಸ್ನೇಹಲ್ ಕೈ ಎತ್ತಿದಳು. “ಟೀಚರ್, ಹಿಡ್ಕೊಂಡ್ರ ಮತ್ತ ಬಂದ್ ಯಾಕಂತಾರ? ಬಂದ್ ಅಂದ್ರ ಮುಚ್ಚೂದಲ್ಲೇನ್ರಿ?”

ಬೇರೆ ದಿನವಾಗಿದ್ದರೆ ಸೇವಂತಿ ನಗುತ್ತಿದ್ದರು. “ಬಂದ್ ಅಲ್ಲ ಮಾರಾಯ್ತಿ, ಬಂಧ. ಬಂದ್ ಅಂದ್ರೆ ಮುಚ್ಚುವುದು, ಬಂಧ ಅಂದ್ರೆ ಕೂಡುವುದು. ‘ಧ’ ಹೊಟ್ಟೆಯಿಂದ ಬರ್ಬೇಕು.”

“ಬಂದ,” ಎಂದರು ಮೂವರೂ.

ಇಷ್ಟಾದರೂ ಕಲಿತುಕೊಂಡು ಹೋಗಲಿ ಎಂದು ಹಟಕ್ಕೆ ಬಿದ್ದು ಆಕೆ ಹತ್ತು ಸಲ ಹೇಳಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಸ್ನೇಹಲ್ ಚೀಲ ಹೆಗಲಿಗೇರಿಸಿಕೊಂಡು ಮೇಜಿನ ಬಳಿ ಬಂದು ನಿಂತಳು.

“ಟೀಚರ್, ಜೂನ್‌ದಾಗ ನಮ್ಮ ಸಾಲಿ ಬಂಧ ಆಗ್ತದಂತ. ಖರೇ ಏನ್ರಿ?”

ಈ ಸಲ ‘ಧ’ ಹೊಟ್ಟೆಯಿಂದಲೇ ಬಂದಿತ್ತು. ಅದನ್ನು ‘ಬಂದ್’ ಎಂದು ತಿದ್ದುವ ಬದಲು ಸೇವಂತಿ ಬೋರ್ಡು ಒರೆಸತೊಡಗಿದರು; ‘ಬಂಧ’ವೊಂದನ್ನು ಹಾಗೆಯೇ ಬಿಟ್ಟರು.