ಇನ್ನೂರ ಇಪ್ಪತ್ತಮೂರನೆಯ ಹುಣ್ಣಿಮೆ

ಜವೆಗೋಧಿ ಇನ್ನೂ ಅರ್ಧವೂ ಬೀಸಿರಲಿಲ್ಲ. ಬ್ಯಾಬಿಲೋನ್ ಅರಮನೆಯ ಅಧಿಕಾರಿ ಕೇಳದೆಯೇ ಅಂಗಳಕ್ಕೆ ಬಂದು ನನ್ನ ಬುಟ್ಟಿಯ ಖರ್ಜೂರಕ್ಕೆ ಕೈ ಹಾಕಿದ. ಉಂಗುರ ತೊಟ್ಟ ಆ ಬೆರಳುಗಳಿಗೆ ಹಳಸಿದ ಕುರಿಕೊಬ್ಬಿನ ವಾಸನೆ.

"ಏನ್ರೀ ಪಂಡಿತರೇ, ಗ್ರಹಣ ನಾಡಿದ್ದು ಖಂಡಿತಾನಾ?"

"ಖಂಡಿತ," ಎಂದರು ನನ್ನ ಗಂಡ ಬೆಲಿದ್ದಿನ. "ನಮ್ಮಪ್ಪ ಬರೆದಿಟ್ಟ ಗ್ರಹಣದಿಂದ ಎಣಿಸಿದ್ರೆ ನಾಡಿದ್ದು ಇನ್ನೂರ ಇಪ್ಪತ್ತಮೂರನೇ ಹುಣ್ಣಿಮೆ. ಅಷ್ಟು ಹುಣ್ಣಿಮೆಗೊಮ್ಮೆ, ಅಂದ್ರೆ ಹದಿನೆಂಟು ವರ್ಷಕ್ಕೊಮ್ಮೆ, ಅದೇ ಗ್ರಹಣ ಮರಳಿ ಬರುತ್ತೆ. ಚಂದ್ರ ತಪ್ಪಿಸಲ್ಲ."

ದನಿಯಲ್ಲಿ ಹೆಮ್ಮೆಯಿತ್ತು. ಮಾವ ಬರೆದಿಟ್ಟ ಆ ಮಣ್ಣಿನ ಹಲಗೆಯನ್ನು ಮಗಳು ತಾಬತು ಎದೆಗವಚಿಕೊಂಡು ನಿಂತಿದ್ದಳು. ಅವಳಿಗೆ ಓದಲು ಬಂದದ್ದು ಈ ವರ್ಷವಷ್ಟೇ.

"ಹಾಗಾದ್ರೆ ಸಿಂಹಾಸನಕ್ಕೊಬ್ಬ ಬೇಕು. ಹಿಂದೆ ಮುಂದೆ ಯಾರೂ ಇಲ್ಲದವನು."

ಗ್ರಹಣವೆಂದರೆ ದೊರೆಯ ಸಾವಿನ ಸೂಚನೆ. ಆದ್ದರಿಂದ ಬೇರೊಬ್ಬನಿಗೆ ದೊರೆಯ ಬಟ್ಟೆ ತೊಡಿಸಿ ಕೂರಿಸುತ್ತಾರೆ. ನೂರು ದಿನದೊಳಗೆ ಆ ಸಾವನ್ನು ಅವನಿಗೇ ಕೊಟ್ಟು ಮುಗಿಸುತ್ತಾರೆ. ಅಲ್ಲಿಯವರೆಗೆ ನಿಜವಾದ ದೊರೆಯನ್ನು ನಾವೆಲ್ಲ 'ರೈತ' ಎನ್ನಬೇಕು.

ನನ್ನ ಗಂಡ ಹೆಸರು ಹೇಳಲಿಲ್ಲ. ತೋಟದ ಕಡೆ ನೋಡಿದರು, ಅಷ್ಟೇ. ಅಲ್ಲಿ ನಮ್ಮ ಮನೆಯಾಳು, ಅನಾಥ ಉಬಾರು ಈರುಳ್ಳಿ ಪಾತಿಗೆ ನೀರು ಹಾಯಿಸುತ್ತಿದ್ದ. ಮೂವತ್ತು ದಾಟಿದರೂ ಮಗುವಿನ ಬುದ್ಧಿ. ತಾಬತುವಿನ ಬೆರಳು ಹಿಡಿದು ನಡೆಯಲು ಕಲಿಸಿದವನು.

"ಅವನು ಬೇಡ," ಎಂದೆ.

"ನೀವು ಹಿಟ್ಟು ನೋಡ್ಕೊಳ್ಳಿ ತಾಯಿ," ಎಂದು ಅಧಿಕಾರಿ ಖರ್ಜೂರದ ಬೀಜ ಉಗಿದ. ಎಂಜಲಿನ ಸಮೇತ ಅದು ನನ್ನ ಹಿಟ್ಟಿನಲ್ಲೇ ಬಿತ್ತು. "ಬಾರೋ ಮಹಾರಾಜಾ! ದಿನಾ ಕುರಿಮಾಂಸ ತಿಂತೀಯೇನೋ?"

ಉಬಾರು ಓಡಿ ಬಂದ. "ದಿನಾನಾ? ಅಕ್ಕಾ, ಕೇಳಿದ್ರಾ! ಪುಟ್ಟೀ, ನಿಂಗೂ ಒಂದು ಮೂಳೆ ತರ್ತೀನಿ!"

ಕೆಸರುಗಾಲಲ್ಲೇ ಹೊರಟುಹೋದ.

ಹಿಟ್ಟನ್ನೆಲ್ಲ ಚೆಲ್ಲಿದೆ. ಕಲ್ಲನ್ನು ಮೂರು ಸಲ ತೊಳೆದರೂ ಆ ವಾಸನೆ ಹೋಗಲಿಲ್ಲ. ನನ್ನ ಗಂಡ ಅದೇ ಬುಟ್ಟಿಯಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡರು.

"ಯಾರಾದ್ರೂ ಹೋಗಲೇಬೇಕಿತ್ತು ಕಣೇ. ದೇವರ ಸೂಚನೆ."

ಅವರು ಅಗಿಯುತ್ತಿದ್ದಂತೆ ಬುಟ್ಟಿಯನ್ನು ಅವರ ಮುಂದಿನಿಂದ ಎತ್ತಿಕೊಂಡೆ. ಹದಿನಾಲ್ಕು ವರ್ಷದಿಂದ ಇದೇ ಬಾಯಿಗೆ ರೊಟ್ಟಿ ತಟ್ಟುತ್ತಿದ್ದೇನೆ.

ತಾಬತು ಅಜ್ಜನ ಹಲಗೆಯ ಮೇಲೆ ಬೆರಳಿಟ್ಟು ಮತ್ತೆ ಮೊದಲಿಂದ ಓದಿದಳು. ಉಬಾರು ಹೋದಾಗಿನಿಂದ ಏನೋ ಕೇಳಲು ಹೋಗಿ ನುಂಗುತ್ತಿದ್ದಳು. ಅವಳ ನೆತ್ತಿ ಸವರಿ, "ಕೇಳಿಬಿಡು ಮಗಳೇ," ಎಂದೆ.

"ಅಪ್ಪಾ, ಈ ಗ್ರಹಣ ದೊರೆ ಪಟ್ಟಕ್ಕೆ ಬರೋ ಮೊದಲೇ ಅಜ್ಜನ ಲೆಕ್ಕದಲ್ಲಿತ್ತಲ್ವಾ? ಹಾಗಾದ್ರೆ ಅದು ಈ ದೊರೆಗೆ ಸೂಚನೆ ಹೇಗಾಗುತ್ತೆ? ಉಬಾರಣ್ಣ ಯಾಕಪ್ಪಾ ಸಾಯ್ಬೇಕು?"