ಕಣ್ಣು ಮುಚ್ಚಿ ಎತ್ತಿದ ಕೈಗಳು

ನಮ್ಮ ಪಕ್ಷ ಸೋತು ಸುಣ್ಣವಾಗಿದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಸುಳ್ಳೇನೂ ಅಲ್ಲವಲ್ಲ. ಆದರೆ ನಮ್ಮ ವಾರ್ಡ್ ಶಾಖೆಯ ಸಭೆಗೆ ಬಂದು ಕೂತರೆ ಅದು ಯಾರ ಬಾಯಲ್ಲೂ ಬರುವುದಿಲ್ಲ. ಅಲ್ಲಿ ಎಲ್ಲವೂ ಸರ್ವಾನುಮತ. ಮೇಷ್ಟ್ರು ನಿರ್ಣಯ ಓದುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಟೀ ಕುಡಿದು ಮನೆಗೆ ಹೋಗುತ್ತೇವೆ. ಓಟು ಹಾಕಿ ಅಂತ ಬೀದಿಯವರನ್ನೆಲ್ಲ ಕೇಳುವ ನಾವು, ನಮ್ಮೊಳಗೆ ಒಂದು ಸಲವೂ ಓಟು ಹಾಕಿಕೊಂಡಿರಲಿಲ್ಲ.

ಸಭೆ ನಡೆಯುವುದು ನನ್ನ ಅಣ್ಣನ ಕಟಿಂಗ್ ಶಾಪಿನಲ್ಲಿ, ಅಂಗಡಿಗೆ ರಜೆಯಿರುವ ದಿನ. ಅಣ್ಣ ಶಾಖೆಯ ಅಧ್ಯಕ್ಷ. ವಾರ್ಡ್ ಚುನಾವಣೆ ಬಂದಾಗಲೆಲ್ಲ ನಿಲ್ಲುವವನು ಅವನೇ, ಸೋಲುವವನೂ ಅವನೇ. ಅವನ ತಂಗಿ ನಾನು, ಪಕ್ಕದ ಮಳಿಗೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಅಪ್ಪ ಹೋದಮೇಲೆ ನನ್ನನ್ನು ಸಾಕಿದ್ದು, ಹೊಲಿಗೆ ಕಲಿಯಲು ಕಳಿಸಿದ್ದು, ಪಕ್ಷಕ್ಕೆ ಸೇರಿಸಿದ್ದು ಎಲ್ಲ ಅವನೇ. ಅವನ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈಯುವುದಿದ್ದರೆ ನಾನೇ ಬೈಯುತ್ತೇನೆ, ಅದು ಬೇರೆ ಮಾತು.

ಈ ಸಲ ಕೇಂದ್ರ ಕಚೇರಿಯಿಂದ ಫೋನು ಬಂದಿತ್ತು. ಇನ್ನೊಂದು ಸಲ ಹೀಗೇ ಸೋತರೆ ನಮ್ಮ ಶಾಖೆಯನ್ನು ಮುಚ್ಚಿ ಪಕ್ಕದ ವಾರ್ಡಿಗೆ ಸೇರಿಸುತ್ತಾರಂತೆ. ಪಕ್ಷಕ್ಕೆ ಹೊಸ ಜೀವ ಬರಬೇಕಾದರೆ ಏನು ಮಾಡಬೇಕು, ಯಾರನ್ನು ನಿಲ್ಲಿಸಬೇಕು, ನೀವೇ ಕೂತು ಚರ್ಚೆ ಮಾಡಿ ಎಂದರಂತೆ. ಸರಿ, ಎಲ್ಲರೂ ಬಂದು ಕೂತೆವು. ಬೆಂಚುಗಳು ತುಂಬಿದ್ದರಿಂದ ನಾನು ಕಟಿಂಗ್ ಮಾಡಿಸಿಕೊಳ್ಳುವವರ ಕುರ್ಚಿಯಲ್ಲೇ ಕೂತೆ. ಎದುರಿಗೆ ಗೋಡೆಯಷ್ಟಗಲ ಕನ್ನಡಿ, ಅದರಲ್ಲಿ ಹಿಂದೆ ಕೂತವರ ಮುಖವೆಲ್ಲ ಕಾಣುತ್ತಿತ್ತು.

ಮೇಷ್ಟ್ರು ಎಂದಿನಂತೆ ಗಂಟಲು ಸರಿಮಾಡಿಕೊಂಡರು. ನಿವೃತ್ತರಾಗಿ ಯಾವ ಕಾಲವಾಯಿತೋ, ಇನ್ನೂ ಪೀರಿಯಡ್ ಮುಗಿದಿಲ್ಲ ಅಂದುಕೊಂಡಿದ್ದಾರೆ. “ಮೊದಲು ನಾವು ನಮ್ಮ ತತ್ವಗಳಿಗೆ ವಾಪಸ್ ಹೋಗ್ಬೇಕು,” ಎಂದರು.

“ತತ್ವ ಎಲ್ಲಿಗೂ ಹೋಗಿಲ್ಲ ಬಿಡಿ ಮೇಷ್ಟ್ರೇ, ಇಲ್ಲೇ ಬೆಂಚಿನ ಕೆಳಗೆ ನಿದ್ದೆ ಮಾಡ್ತಿರುತ್ತೆ,” ಎಂದ ಬೋರ್ಡು ಬರೆಯುವ ಪೇಂಟರ್. “ಮೊದ್ಲು ನಮ್ಮ ಪೋಸ್ಟರ್ ಬಣ್ಣ ಬದಲಾಯಿಸ್ಬೇಕು. ನೋಡಿದ್ರೆ ಔಷಧಿ ಅಂಗಡಿ ಜಾಹೀರಾತು ಅನ್ಸುತ್ತೆ.”

ಬಣ್ಣದಿಂದ ಮೇಲಿನ ನಾಯಕರಿಗೆ ಹೋದರು, ಅಲ್ಲಿಂದ ಮೈಕಿಗೆ ಬಂದರು. ಬೇಕಾದ ಒಂದು ಮಾತು ಬಿಟ್ಟು ಉಳಿದಿದ್ದೆಲ್ಲ ಬಂತು. ಆಗ ವ್ಯಾನಕ್ಕ ಎದ್ದು ನಿಂತಳು. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾಳೆ. ಎದುರು ಪಕ್ಷದಲ್ಲಿ ಬರೀ ಕುರ್ಚಿ ಜೋಡಿಸಿ ಜೋಡಿಸಿ ಬೇಜಾರಾಗಿ ನಮ್ಮ ಕಡೆ ಬಂದವಳು.

“ದಿನಾ ಬೆಳಿಗ್ಗೆ ಈ ವಾರ್ಡಿನ ಎಲ್ಲಾ ಓಣಿಗೂ ನನ್ನ ವ್ಯಾನ್ ಹೋಗುತ್ತೆ,” ಎಂದಳು. “ಮಕ್ಕಳನ್ನ ಹತ್ತಿಸೋಕೆ ಬಂದ ತಾಯಂದ್ರು ನಲ್ಲಿ ನೀರು ಬರ್ಲಿಲ್ಲ ಅಂತಾರೆ, ಬೀದಿದೀಪ ಕೆಟ್ಟಿದೆ ಅಂತಾರೆ. ಎಲ್ಲಾ ಪಕ್ಷದವ್ರಿಗೂ ಬೈತಾರೆ. ನಮಗೆ ಮಾತ್ರ ಬೈಯಲ್ಲ. ನಾವು ಇದ್ದೀವಿ ಅಂತ್ಲೇ ಅವ್ರಿಗೆ ಗೊತ್ತಿಲ್ಲ.”

ಮೇಷ್ಟ್ರು ಮೆಲ್ಲಗೆ, “ನೀನು ಆ ಕಡೆಯಿಂದ ಬಂದು ಇನ್ನೂ ಸರಿಯಾಗಿ ಕೂತೂ ಇಲ್ಲ ತಾಯಿ. ಅಧ್ಯಕ್ಷರು ಇಷ್ಟು ವರ್ಷ ಪಕ್ಷಕ್ಕೋಸ್ಕರ ಜೀವ ತೇಯ್ದಿದ್ದಾರೆ. ಈ ಸಲಾನೂ ಅವರೇ...” ಎಂದು ಚಪ್ಪಾಳೆಗೆ ಕೈ ಜೋಡಿಸತೊಡಗಿದರು.

ನನಗೆ ತಡೆಯಲಾಗಲಿಲ್ಲ. “ನಿಲ್ಲಿ ಮೇಷ್ಟ್ರೇ! ಮೊನ್ನೆ ಪ್ಯಾಂಟು ಇಸ್ಕೊಳ್ಳೋಕೆ ಬಂದಾಗ ನನ್ನ ಹತ್ರ ಏನಂದ್ರಿ? ‘ನಿಮ್ಮಣ್ಣ ಈ ಸಲ ನಿಲ್ಲದಿದ್ರೇ ಒಳ್ಳೇದು’ ಅಂದ್ರೋ ಇಲ್ವೋ? ಏಯ್ ಪೇಂಟರ್, ನೀನೂ ಹಲ್ಲು ಕಿಸೀಬೇಡ, ನೀನೂ ಅದನ್ನೇ ಅಂದಿದ್ದೀಯ. ನನ್ನ ಮಳಿಗೆಗೆ ಬಂದು ಗೊಣಗಿ, ಇಲ್ಲಿ ಬಂದು ಚಪ್ಪಾಳೆ ಹೊಡೀತೀರಲ್ಲ, ನಾಚಿಕೆ ಆಗಲ್ವಾ? ಅಣ್ಣಾ, ನಾನೇ ಹೇಳ್ತೀನಿ ಕೇಳು. ಈ ಸಲ ನೀನು ನಿಲ್ಬೇಡ. ವ್ಯಾನಕ್ಕ ನಿಲ್ಲಲಿ.”

ಹೇಳಿದ ಮೇಲೆ ಕನ್ನಡಿಯಲ್ಲಿ ಅಣ್ಣನ ಮುಖ ನೋಡಿದೆ. ಅವನು ಟವೆಲ್ಲುಗಳನ್ನು ಮಡಿಸಿಡುತ್ತಿದ್ದ, ಕೈ ನಿಲ್ಲಿಸಲಿಲ್ಲ. ಕೊನೆಯ ಟವೆಲ್ ಮಡಿಸಿಟ್ಟು, “ಆಯ್ತು, ಓಟು ಹಾಕೋಣ,” ಎಂದ.

“ಎಲ್ಲರ ಮುಂದೆ ಕೈ ಎತ್ತೋದಾ?” ಎಂದು ಪೇಂಟರ್ ಕಣ್ಣು ಪಿಳಿಪಿಳಿ ಬಿಟ್ಟ. ಕಣ್ಣು ಮುಚ್ಚಿಕೊಂಡು ಎತ್ತೋಣ, ಯಾರಿಗೂ ಮುಜುಗರವಿಲ್ಲ ಎಂದರು ಮೇಷ್ಟ್ರು. ವ್ಯಾನಕ್ಕ ತಾನಾಗಿಯೇ ಹೊರಗೆ ಹೋಗಿ ವ್ಯಾನಿನ ಪಕ್ಕ ನಿಂತಳು. ಅಣ್ಣ ಮಾತ್ರ ಒಳಗೇ ಉಳಿದ, ಎಣಿಸುವುದಕ್ಕೆ. ಸ್ಪರ್ಧೆಗೆ ನಿಂತವನೇ ಓಟು ಎಣಿಸುವುದು ಎಲ್ಲಾದರೂ ಉಂಟೇ? ನಮ್ಮಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಅಭ್ಯಾಸವಿದ್ದರೆ ತಾನೇ ಹೊಳೆಯುವುದು!

“ಕಣ್ಣು ಮುಚ್ಚಿ. ಮೊದ್ಲು ನನ್ನ ಕಡೆಯವ್ರು ಕೈ ಎತ್ತಿ,” ಎಂದ ಅಣ್ಣ.

ನಾನು ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅಷ್ಟೆಲ್ಲ ಬಾಯಿ ಮಾಡಿದವಳು ನಾನೇ ಅಲ್ಲವೇ? ಆದರೆ ಕೇಳಿದ್ದು ಅವನ ದನಿ. ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು, ನಿದ್ದೆ ಬಂತಾ ಪುಟ್ಟಿ ಎಂದು ಕೇಳುತ್ತಿದ್ದ ದನಿ ಅದು. ಈ ದನಿಗೆ ನಾನೂ ಇಲ್ಲ ಅಂದರೆ ಇವನಿಗೆ ಯಾರಿದ್ದಾರೆ ಅನ್ನಿಸಿತು. ನನ್ನ ಕೈ ಮೇಲಕ್ಕೆ ಹೋಯಿತು.

ಥೂ ನನ್ನ ಬಾಯಿಗಿಷ್ಟು! ನಾನೊಬ್ಬಳೇ ಇಂಥ ಹೇಡಿಯೋ, ಜೊತೆಗೆ ಯಾರಾದರೂ ಇದ್ದಾರೋ ಎಂದು ಒಂದು ಕಣ್ಣು ತೆರೆದೆ. ಕನ್ನಡಿ ತುಂಬ ಕೈಗಳೇ! ಮೇಷ್ಟ್ರ ಕೈ, ಪೇಂಟರನ ಕೈ, ಹಿಂದಿನ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತವರ ಕೈ. ಎತ್ತದವರನ್ನು ಹುಡುಕಬೇಕಾಗಿತ್ತು. ಅಣ್ಣ ಒಬ್ಬೊಬ್ಬರನ್ನೇ ನೋಡುತ್ತ ಬಂದ. ನಾನು ಗಬಕ್ಕನೆ ಕಣ್ಣು ಮುಚ್ಚಿದೆ.

“ಇಳಿಸಿ. ಈಗ ವ್ಯಾನಕ್ಕನ ಕಡೆಯವ್ರು.” ಅವನ ಹೆಜ್ಜೆ ಸದ್ದು ಬೆಂಚಿನಿಂದ ಬೆಂಚಿಗೆ ಸರಿಯಿತು. “ಸರಿ, ಕಣ್ಣು ಬಿಡಿ. ವ್ಯಾನಕ್ಕನಿಗೆ ಎರಡು ಕೈ ಜಾಸ್ತಿ ಬಂದಿದೆ. ಯಾರಾದ್ರೂ ಹೋಗಿ ಅವಳನ್ನ ಒಳಗೆ ಕರೀರಿ.”

ಆಗ ನೋಡಬೇಕಿತ್ತು ಮುಖಗಳನ್ನು. ಪೇಂಟರ್ ಮೇಷ್ಟ್ರನ್ನು ನೋಡಿದ, ಮೇಷ್ಟ್ರು ಹಿಂದಿನ ಬೆಂಚನ್ನು ನೋಡಿದರು. ಒಬ್ಬೊಬ್ಬರ ಕಣ್ಣಲ್ಲೂ ‘ಅಬ್ಬಾ, ಇವರಿಗೆಲ್ಲ ಇಷ್ಟು ಧೈರ್ಯ ಯಾವಾಗ ಬಂತು’ ಎಂಬ ಬೆರಗು. ವ್ಯಾನಕ್ಕ ಒಳಗೆ ಬಂದು ಸುದ್ದಿ ಕೇಳಿ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದಳು.

ಎಲ್ಲರೂ ಹೋದಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಅವನನ್ನು ಹಿಡಿದುಕೊಂಡೆ. “ಅಣ್ಣಾ, ಏನು ಲೆಕ್ಕ ಇದು? ನಾನು ನೋಡಿದೆ.”

“ಗೊತ್ತು. ಜೀವನಪೂರ್ತಿ ಕನ್ನಡಿಲೇ ಮುಖ ನೋಡಿರೋನು ನಾನು. ನೀನು ಕಣ್ಣು ಬಿಟ್ಟಿದ್ದು ನಂಗೆ ಕಾಣಲ್ವಾ? ಕಣ್ಣು ಮುಚ್ಚು ಅಂದ್ರೆ ಮುಚ್ಚೋ ಜಾತಿನೇ ಅಲ್ಲ ನೀನು.”

“ತಮಾಷೆ ಬೇಡ. ನೀನು ಗೆದ್ದಿದ್ದೆ.”

“ಹೌದು, ಗೆದ್ದಿದ್ದೆ.” ಅವನು ಬೆಂಚಿನ ಮೇಲೆ ಕೂತ. “ನನ್ನ ವಿರುದ್ಧ ಅಷ್ಟು ಜೋರಾಗಿ ಮಾತಾಡಿದ ನನ್ನ ತಂಗೀನೂ ಕೈ ಎತ್ತಿದ್ಲು. ಆಗಲೇ ಗೊತ್ತಾಯ್ತು ನಂಗೆ. ಪ್ರತಿ ಸಲ ಈ ಅಂಗಡಿಲಿ ಗೆಲ್ತೀನಿ ಪುಟ್ಟಿ, ಅದಕ್ಕೇ ಹೊರಗೆ ಸೋಲ್ತೀನಿ. ನಿಮಗೆಲ್ಲ ನನ್ನ ಮೇಲೆ ಪ್ರೀತಿ ಇದೆ. ಆ ಪ್ರೀತಿ ಇಟ್ಕೊಂಡು ಯಾರ ಮನೆಗೆ ನೀರು ತರೋಕಾಗುತ್ತೆ ಹೇಳು?”

ನಾನು ಬಿಡಲಿಲ್ಲ. “ನಿನಗೆ ಬೇಕಾದ ಹಾಗೆ ಎಣಿಸಿದ್ರೂ ಮೋಸಾನೇ, ನಿನ್ನ ವಿರುದ್ಧ ಎಣಿಸಿದ್ರೂ ಮೋಸಾನೇ. ಮುಂದಿನ ಸಭೇಲಿ ನಾನು ಹೇಳಿಬಿಡ್ತೀನಿ.”

“ಹೇಳು,” ಎಂದ. “ಹೇಳಬೇಡ ಅಂತ ನಾನು ಅನ್ನಲ್ಲ.”

ಆ ವಾರ ನನ್ನ ಮಳಿಗೆಗೆ ಬಂದವರ ಮಾತು ಕೇಳಿದ್ದರೆ ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. “ನಾನಂತೂ ಮೊದ್ಲೇ ತೀರ್ಮಾನ ಮಾಡಿದ್ದೆ, ನನ್ನ ಓಟು ವ್ಯಾನಕ್ಕನಿಗೇ,” ಎಂದ ಪೇಂಟರ್. ಅದೇ ಬಾಯಲ್ಲಿ, ಬೀದಿಗೊಂದು ಪೋಸ್ಟರ್ ಬರೆದುಕೊಡುವುದಾಗಿಯೂ ಹೇಳಿದ. ಹಿಂದಿನ ಬೆಂಚಿನವರೂ ಬಂದು ಅದೇ ರಾಗ ಹಾಡಿದರು. ಸುಳ್ಳುಬುರುಕರು! ಆದರೆ ಸುಳ್ಳು ಹೇಳಿ ಸುಮ್ಮನೆ ಕೂರಲಿಲ್ಲ. ಪಕ್ಕದವನಿಗೆ ಇರುವ ಧೈರ್ಯ ನನಗಿಲ್ಲವೇ ಎಂದು ಒಬ್ಬೊಬ್ಬರೂ ವ್ಯಾನಕ್ಕನ ಜೊತೆ ಓಣಿಗೆ ಹೊರಟರು. ಮೇಷ್ಟ್ರೂ ಹೋದರು. ಭಾಷಣ ಮಾಡದೆ, ಒಬ್ಬ ಅಜ್ಜಿ ಕೊಳವೆ ಒಡೆದ ಕತೆ ಹೇಳಿ ಮುಗಿಸುವ ತನಕ ಬಾಗಿಲಲ್ಲಿ ನಿಂತು ಕೇಳಿದರಂತೆ. ಇದನ್ನೆಲ್ಲ ಕೆಡಿಸುವವಳು ನಾನಾಗಬೇಕಲ್ಲ ಎಂದು ನನಗೆ ಊಟ ಸೇರಲಿಲ್ಲ.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಲ್ಲುವ ಹೊತ್ತಿಗೆ ವ್ಯಾನಕ್ಕನೇ ಎದ್ದಳು.

“ಒಬ್ಬಾಕೆ ನಂಗೆ ಒಂದು ಪ್ರಶ್ನೆ ಕೇಳಿದ್ಲು,” ಎಂದಳು. “‘ನಿಮ್ಮವ್ರಿಗೇ ನೀನು ಬೇಕಾ?’ ಅಂತ. ನಂಗೆ ಉತ್ತರ ಕೊಡೋಕಾಗ್ಲಿಲ್ಲ. ನೀವು ಕಣ್ಣು ಮುಚ್ಕೊಂಡು ಕೊಟ್ಟಿದ್ದನ್ನ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ? ಇನ್ನೊಂದ್ಸಲ ಕೈ ಎತ್ತಿ, ಕಣ್ಣು ಬಿಟ್ಕೊಂಡು. ನಾನೂ ಇಲ್ಲೇ ಇರ್ತೀನಿ, ಅಧ್ಯಕ್ಷರೂ ಇರ್ಲಿ. ಬೇಡ ಅಂದ್ರೆ ಬೇಡ, ನಾನೇನು ಪಕ್ಷ ಬಿಟ್ಟು ಹೋಗಲ್ಲ.”

ಹೇಳಬೇಕೆಂದಿದ್ದ ಮಾತನ್ನು ನಾನು ನುಂಗಿಕೊಂಡೆ. ಇನ್ನು ಅದರ ಅಗತ್ಯವಿರಲಿಲ್ಲ. ಅಣ್ಣ ನನ್ನ ಕಡೆ ತಿರುಗಿ, “ಈ ಸಲ ನೀನು ಎಣಿಸು. ನಿಂತಿರೋನೇ ಎಣಿಸೋದು ಸರಿಯಲ್ಲ,” ಎಂದ. ನಾನು ಎದ್ದು ಕನ್ನಡಿಗೆ ಬೆನ್ನು ಹಾಕಿ ಎಲ್ಲರ ಎದುರು ನಿಂತೆ.

ಅಣ್ಣನ ಕಡೆ ಎದ್ದದ್ದು ಒಂದೇ ಕೈ, ಮೇಷ್ಟ್ರದು. “ಕ್ಷಮಿಸಮ್ಮ,” ಎಂದರು ವ್ಯಾನಕ್ಕನಿಗೆ, “ಇವನು ನಿಲ್ಲೋದು ಬೇಡ ಅಂತ ಗೊಣಗಿದವನೂ ನಾನೇ. ಆದ್ರೂ ಕೊನೆಗೆ ನಂಗೆ ಇವನೇ ಸರಿ ಅನ್ಸುತ್ತೆ, ಅದನ್ನ ಮುಚ್ಚಿಡೋಕೆ ಇಷ್ಟ ಇಲ್ಲ. ಆದ್ರೆ ನಾಳೆ ಬೆಳಿಗ್ಗೆ ನಿನ್ನ ಜೊತೆ ಓಣಿಗೆ ಬಂದೇ ಬರ್ತೀನಿ.”

“ಬನ್ನಿ ಮೇಷ್ಟ್ರೇ, ಮುಂದಿನ ಸೀಟು ನಿಮಗೇ,” ಎಂದಳು ಅವಳು. ಪೇಂಟರ್ ಜೋರಾಗಿ ನಕ್ಕ, ಎಲ್ಲರೂ ನಕ್ಕರು. ಆ ಅಂಗಡಿಯಲ್ಲಿ ನಾವು ಅಷ್ಟು ಹಗುರಾಗಿ ನಕ್ಕಿದ್ದು ಅದೇ ಮೊದಲು.

ಆಮೇಲೆ ವ್ಯಾನಕ್ಕನ ಕಡೆಯವರು. ಪೇಂಟರ್ ಎತ್ತಿದ, ಬೆಂಚುಗಳ ಮೇಲೆ ಒಬ್ಬೊಬ್ಬರಾಗಿ ಎತ್ತಿದರು. ನಾನು ಬೆರಳು ತೋರಿಸಿ ಎಣಿಸುತ್ತ ಬಂದು ಬಾಗಿಲ ಹತ್ತಿರ ನಿಂತುಬಿಟ್ಟೆ. ಅಲ್ಲಿ ಅಣ್ಣನ ಕೈ ಎಲ್ಲರಿಗಿಂತ ಮೇಲಿತ್ತು.

“ಯಾಕೆ ನಿಲ್ಲಿಸ್ದೆ? ಎಣಿಸು,” ಎಂದ.

ಎಣಿಸಿದೆ. ಕಣ್ಣು ಮಂಜಾಗಿತ್ತು, ಆದರೂ ಲೆಕ್ಕ ತಪ್ಪಲಿಲ್ಲ.

“ಮುಗೀತಾ?” ಎಂದು ಕೇಳಿದ.

“ಇಲ್ಲ, ಇನ್ನೊಂದಿದೆ,” ಎಂದು, ಅವನ ಕಣ್ಣಲ್ಲಿ ಕಣ್ಣಿಟ್ಟು ನನ್ನ ಕೈ ಎತ್ತಿದೆ.