ಮೂಟೆ ಬೇಡದ ಜೀಪು

“ನಮ್ಮ ಮಾವನವರ ಮನೇಲಿ ಗಾಡಿ ಹಿಂದೆ ಹೇರೋಕೆ ಒಂದು ಮೂಟೆ ಬೇಕಾಗಿತ್ತಂತೆ. ಅದಕ್ಕೇ ಇವನನ್ನ ಶಾಲೆ ಬಿಡಿಸಿದ್ದು!”

ಭಾವ ಹೀಗೆಂದದ್ದೇ ತಡ, ಗ್ಯಾರೇಜಿನ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಅವನ ಗೆಳೆಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಿಗಂತೂ ಚಹಾ ನೆತ್ತಿಗೇರಿ ಕೆಮ್ಮು ಬಂತು. ಅಪ್ಪನ ಹಳೆಯ ಜೀಪಿನ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿದ್ದ ಗುಂಡುಕಲ್ಲು ಆ ನಗೆಯ ರಾಶಿಯೊಳಗಿಂದ ಒಂದನ್ನು ಮಾತ್ರ ಹೆಕ್ಕಿಕೊಂಡ. ಅದು ಅಕ್ಕನ ನಗು. ಚಿಕ್ಕದು, ಹುಟ್ಟಿದ ಕೂಡಲೇ ಸತ್ತದ್ದು. ಆದರೂ ಅಕ್ಕನದೇ.

ಗುಂಡುಕಲ್ಲು ಎನ್ನುವುದು ಅವನಿಗೆ ಬಾಲ್ಯದಲ್ಲಿ ಅಂಟಿದ ಹೆಸರು. ಆಗ ಹಾಗೇ ಇದ್ದ, ಎತ್ತಿಕೊಂಡವರ ಸೊಂಟ ಹಿಡಿಯುವಷ್ಟು. ಈಗ ಒಣಗಿದ ಕಡ್ಡಿ. ಹೆಸರು ಮಾತ್ರ ಕರಗಲಿಲ್ಲ. ಅವನನ್ನು ಶಾಲೆಯಿಂದ ಯಾರೂ ಬಿಡಿಸಿರಲಿಲ್ಲ, ತಾನೇ ಚೀಲ ಬಿಸಾಕಿ ಬಂದಿದ್ದ. ಶಾಲೆ ಬಿಟ್ಟವನಿಗೆ ಬುದ್ಧಿ ಹೇಳಲು ದಾರಿಯಲ್ಲಿ ಹೋಗುವವರಿಗೂ ಹಕ್ಕುಂಟು ಎಂಬುದು ಅವನಿಗೆ ಅಭ್ಯಾಸವಾಗಿತ್ತು. ಆದರೆ ಮೂಟೆಯ ವಿಷಯ ಬೇರೆ. ಅದು ಅಪ್ಪ, ಅಕ್ಕ, ತಾನು, ಈ ಮೂವರಿಗಷ್ಟೇ ಗೊತ್ತಿದ್ದದ್ದು. ಅಪ್ಪನಿಗೂ ಅಳಿಯನಿಗೂ ಮಳೆ ಬಿಸಿಲಿನ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಅಂದರೆ ಅಕ್ಕನೇ ಹೇಳಿದ್ದಾಳೆ. ಹೇಳಿ ನಕ್ಕಿದ್ದಾಳೆ.

ಅವನು ಕೆಳಗಿನಿಂದ ಜಾರಿಕೊಂಡು ಹೊರಬಂದ. ಕೈಯಲ್ಲಿದ್ದ ಸ್ಪ್ಯಾನರ್ ನೋಡಿ ಚಹಾದ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

“ಭಾವ, ಇನ್ನು ಈ ಗಾಡಿಗೆ ಮೂಟೆ ಬೇಕಾಗಲ್ಲ. ಬರೋ ಭಾನುವಾರ ಅಕ್ಕ ಒಬ್ಬಳೇ ಕೂತು ಕಲ್ಲುಗಣಿ ಹತ್ತುತ್ತಾಳೆ. ನೀವು ಕೆಳಗೆ ನಿಂತು ಬಾಯಿ ತೆರ್ಕೊಂಡು ನೋಡಿ. ನೊಣ ಹೋಗದ ಹಾಗೆ ಜೋಪಾನ.”

“ಬಾಯಿ ಮಾತ್ರ ಫೋರ್ ವೀಲ್ ಡ್ರೈವ್ ಕಣಯ್ಯಾ ನಿಂದು,” ಎಂದ ಭಾವ. ಟೈರ್ ಅಂಗಡಿ ಇಟ್ಟವನು, ಮಾತಿಗೆ ಗಾಳಿ ತುಂಬುವುದು ಚೆನ್ನಾಗಿ ಗೊತ್ತು. ಮತ್ತೆ ನಗು. ಈ ಸಲ ಅದರಲ್ಲಿ ಅಕ್ಕನದು ಇರಲಿಲ್ಲ.

ಕೆಲಸ ನಿಂತುಹೋದ ಆ ಕಲ್ಲುಗಣಿ ಊರಿಗೆಲ್ಲ ಹಾಳು ಜಾಗ. ಅಪ್ಪ, ಅಕ್ಕ, ಗುಂಡುಕಲ್ಲು ಮೂವರಿಗೂ ಅದು ಒಂದು ಕಾಲದಲ್ಲಿ ರಜಾದಿನದ ಅರಮನೆ. ವಾರವಿಡೀ ಕಂಡವರ ಗಾಡಿ ಬಿಚ್ಚಿ ಕಟ್ಟುತ್ತಿದ್ದ ಅಪ್ಪ ರಜೆ ಬಂತೆಂದರೆ ತನ್ನ ಪುಟ್ಟ ಜೀಪನ್ನು ಹೊರಡಿಸುತ್ತಿದ್ದ. ಕಾಲು ಕ್ಲಚ್ಚಿಗೆ ನೆಟ್ಟಗೆ ಎಟುಕುವ ಮೊದಲೇ ಅಕ್ಕನ ಕೈಗೆ ಸ್ಟೇರಿಂಗ್ ಸಿಕ್ಕಿತು. ಬೆನ್ನಿಗೆ ಎರಡು ದಿಂಬು, ಹಣೆಯ ಮೇಲೆ ಬೆವರು, ಹಲ್ಲಿನ ನಡುವೆ ಕಚ್ಚಿಕೊಂಡ ಜಡೆಯ ತುದಿ. ಏರಿನ ನಡುವೆ ಬಂಡೆ ಸೀಳಿ ಆದ ಒಂದು ಅಡ್ಡ ಕೊರಕಲಿತ್ತು. ಅಲ್ಲಿಗೆ ಬಂದರೆ ಸಾಕು, ಜೀಪಿನ ಹಿಂದಿನ ಎಡಚಕ್ರ ಕಂಬ ಕಂಡ ನಾಯಿಯ ಹಾಗೆ ಕಾಲೆತ್ತುತ್ತಿತ್ತು. ಎದ್ದ ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗುವುದು, ನೆಲದ ಮೇಲಿರುವ ಚಕ್ರ ಕದಲದೆ ಕೂರುವುದು.

“ಡಿಫರೆನ್ಶಿಯಲ್ ಗುಣ ಅದು,” ಎನ್ನುತ್ತಿದ್ದ ಅಪ್ಪ, ಏನೋ ಸ್ವಂತ ತಮ್ಮನ ದುರ್ಗುಣ ಹೇಳುವವನ ಹಾಗೆ. “ತಿರುವಿನಲ್ಲಿ ಒಂದು ಚಕ್ರ ನಿಧಾನ, ಒಂದು ಜೋರು ಓಡಲಿ ಅಂತ ಇಟ್ಟಿರೋದು. ಇಂಥ ಕಡೆ ಮಾತ್ರ ಕುಣಿಯೋನಿಗೆ ಮಣೆ, ದುಡಿಯೋನಿಗೆ ಮೂಲೆ.”

ಆಗ ಬೇಕಾಗುತ್ತಿದ್ದದ್ದು ತೂಕ. ಹಿಂದಿನ ಬಂಪರಿನ ಮೇಲೆ ಅಪ್ಪ ಒಂದು ಕಬ್ಬಿಣದ ಹಲಗೆ ಕೂರಿಸಿದ್ದ. ಗುಂಡುಕಲ್ಲು ಅದರ ಎಡತುದಿಗೆ ಹತ್ತಿ, ಸ್ಟೆಪ್ನಿ ಚಕ್ರವನ್ನು ತಬ್ಬಿಕೊಂಡು, ಮೈಯನ್ನೆಲ್ಲ ಹೊರಗೆ ಚೆಲ್ಲಿ ನಿಲ್ಲುತ್ತಿದ್ದ. ಚಕ್ರ ಮೆಲ್ಲಗೆ ಇಳಿದು ಕಲ್ಲು ಕಚ್ಚುತ್ತಿತ್ತು. “ಗುಂಡ, ಕುಪ್ಪಳಿಸು! ಇನ್ನೊಂದ್ಸಲ! ಊಟ ಮಾಡಿದ್ದೆಲ್ಲಾ ಎಲ್ಲಿ ಹೋಯ್ತೋ?” ಎಂದು ಅಕ್ಕ ಅರಚುವುದು, ಸುಟ್ಟ ರಬ್ಬರಿನ ವಾಸನೆ, ಹೊಟ್ಟೆಯೊಳಗೆ ನಡುಗುವ ಎಂಜಿನ್ನು. ಶಾಲೆಯ ಬೆಂಚಿನಲ್ಲಿ, ಆಟದಲ್ಲಿ, ಹೊಸ ಅಂಗಿ ಹೊಲಿಸುವಾಗ, ಎಲ್ಲೆಲ್ಲೂ ಅವನ ಮೈ ಹೆಚ್ಚಾಗುತ್ತಿತ್ತು. ಆ ಹಲಗೆಯ ಮೇಲೆ ಮಾತ್ರ ಅದು ಸರಿಯಾಗಿ ಬೇಕಾದಷ್ಟಿತ್ತು. ಮೇಲೆ ತಲುಪಿದ ಮೇಲೆ ಮೂವರೂ ಬಿಸಿ ಬಾನೆಟ್ಟಿನ ಮೇಲೆ ಕಾಲು ಇಳಿಬಿಟ್ಟು ಕೂತು ಕೆಳಗಿನ ಊರನ್ನು ನೋಡುತ್ತಿದ್ದರು. “ನಾನು ಓಡಿಸಿದೆ,” ಎನ್ನುತ್ತಿರಲಿಲ್ಲ ಅಕ್ಕ. “ಹತ್ತಿದ್ವಿ,” ಎನ್ನುತ್ತಿದ್ದಳು.

ಅದನ್ನು ಅವಳು ಮೊದಲಿಂದಲೂ ಒಂದು ಹಾಸ್ಯವೆಂದೇ ಇಟ್ಟುಕೊಂಡಿದ್ದಳೋ? ಅವನಿಗೆ ಬೇಕಾಗಿದ್ದದ್ದು ಅದೊಂದರ ಉತ್ತರ. ಕೇಳುವ ಬಾಯಿ ಅವನಿಗಿರಲಿಲ್ಲ. ಜಗಳದ ಬಾಯಿ ಇತ್ತು, ಅದರಿಂದ ಇಂಥ ಪ್ರಶ್ನೆ ಬರುವುದಿಲ್ಲ.

ಹಾಗಾಗಿ ಸಿಟ್ಟನ್ನೆಲ್ಲ ಜೀಪಿನ ಮೇಲೆ ಹಾಕಿದ. ಮೊದಲ ದಿನವೇ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳ ಕಟ್ಟಿಗೆ ಇನ್ನೆರಡು ದಪ್ಪ ಪಟ್ಟಿ ಸೇರಿಸಿ ಬಿಗಿದ. ಜೀಪು ಎದೆಯುಬ್ಬಿಸಿ ಎದ್ದು ನಿಂತಿತು. ಅಪ್ಪ ತನ್ನ ಮುರುಕು ಸ್ಟೂಲಿನಿಂದ ಎದ್ದು ಬಂದು, ಒಂದು ಮೂಲೆಗೆ ಜಾಕಿ ಕೊಟ್ಟು ನೋಡಿದ. ಚಕ್ರ ಕೆಳಗೆ ಜೋಲಲೇ ಇಲ್ಲ, ಗಾಡಿಯ ಜೊತೆಗೇ ಮೇಲೆ ಬಂತು.

“ಎತ್ತರ ಆಯ್ತು. ಕಾಲೆಲ್ಲಿ?”

“ಅಂದ್ರೆ?”

“ಏರಿನಲ್ಲಿ ಚಕ್ರ ನೆಲ ಹುಡುಕ್ಕೊಂಡು ಇಳೀಬೇಕು ಮಗನೆ. ನೀನು ಸೆಟೆದುಕೊಂಡ ಹಾಗೇ ಅದನ್ನೂ ಸೆಟೆಸಿದ್ದೀಯ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ. ಪುಣ್ಯಕ್ಕೆ ಇದು ಬರೀ ಪಟ್ಟಿ, ಬಿಚ್ಚು.”

ಬಯ್ದುಕೊಳ್ಳುತ್ತಲೇ ಬಿಚ್ಚಿದ. ತೆಳು ಪಟ್ಟಿಗಳಿಗೆ ಹೊಸದಾಗಿ ಬಾಗು ಕೊಡಿಸಿ ತಂದು, ಅವು ತೂಗುವ ಕೊಂಡಿಗಳನ್ನು ಉದ್ದ ಮಾಡಿ, ಅದರಿಂದ ಓರೆಯಾದ ಆಕ್ಸಲಿನಡಿ ಬೆಣೆ ಇಟ್ಟು, ಬ್ರೇಕಿಗೆ ಉದ್ದನೆಯ ನಳಿಗೆಗಳನ್ನು ಹಾಕಿದ. ಈಗ ಜಾಕಿ ಏರಿಸಿದರೆ ಚಕ್ರ ತೊಟ್ಟಿಲ ಮಗುವಿನ ಕಾಲಿನ ಹಾಗೆ ಮೆತ್ತಗೆ ಇಳಿಯುತ್ತಿತ್ತು. ಆಮೇಲೆ ಹಿಂದಿನ ಡಿಫರೆನ್ಶಿಯಲ್. ಎರಡು ಚಕ್ರಗಳನ್ನೂ ಬೇಕೆಂದಾಗ ಒಂದಾಗಿ ಕಟ್ಟಿಹಾಕುವ ಲಾಕ್ ಒಳಗೆ ಕೂತಿತು. ಅದರ ಲಿವರ್ ಡ್ರೈವರ್ ಸೀಟಿನ ಪಕ್ಕ. ಒಳಗಿನ ಗೇರುಗಳ ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತಿದೆಯೇ ಎಂದು ನೋಡಲು ಅಪ್ಪ ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಲು ಹೇಳಿದ. ಗುರುತು ಹಲ್ಲಿನ ನಡುಮಧ್ಯೆ ಬೀಳುವ ತನಕ ಬಿಡಲಿಲ್ಲ. ಹಿಂದೆ ಇದೇ ಬಣ್ಣವನ್ನು ಅಕ್ಕ ಅವನ ಮೂಗಿಗೆ ಬಳಿದು ಅಂಗಳವೆಲ್ಲ ಓಡಿಸಿದ್ದಳು. ಈಗ ಅದು ಅವನ ಬೆರಳಿನಲ್ಲೇ ಒಣಗಿತು.

ಲಾಕ್ ಕೂತ ಮೇಲೆ ಅವನಿಗೊಂದು ಕೆಟ್ಟ ಆಸೆ ಬಂತು. ಲಿವರಿನ ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟರೆ? ಕೊರಕಲಿನಲ್ಲಿ ಲಾಕ್ ಹಿಡಿಯುವುದಿಲ್ಲ. ಅಕ್ಕ ಅಲ್ಲಿ ಸಿಕ್ಕಿಬೀಳುತ್ತಾಳೆ, ಅವನನ್ನು ಕರೆಯಲೇಬೇಕಾಗುತ್ತದೆ. ತಂತಿಯನ್ನು ಹಿಡಿದು ಸುಮಾರು ಹೊತ್ತು ಕೂತ. ಆಮೇಲೆ ಜಗ್ಗಿ ಬಿಗಿದ.

ಅಕ್ಕ ಬಂದದ್ದು ಅವನು ಹಿಂದಿನ ಬಂಪರಿಗೆ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿದಾಗ.

“ಮೂತಿ ಯಾಕೋ ಊದಿಸ್ಕೊಂಡಿದ್ದೀಯ? ಅವರು ತಮಾಷೆಗೆ ಅಂದಿದ್ದು.”

“ಅವರಿಗೆ ಕನಸು ಬಿದ್ದಿತ್ತಾ?”

“ನಾನೇ ಹೇಳಿದ್ದೆ. ಖುಷಿಯಾಗಿ ಹೇಳಿದ್ದೆ ಕಣೋ. ಅವರ ಬಾಯಲ್ಲಿ ಅದು ಹಾಗಾಯ್ತು.”

“ನಕ್ಕಿದ್ದೂ ಅವರ ಬಾಯಲ್ಲೇನಾ?”

ಅಕ್ಕನ ಕಣ್ಣು ಕಬ್ಬಿಣದ ಹಲಗೆಯ ಮೇಲೆ ಬಿತ್ತು. ಎಡತುದಿಯಲ್ಲಿ ಎರಡು ಪಾದದಷ್ಟು ಜಾಗದಲ್ಲಿ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು.

“ಅದನ್ನೂ ತೆಗೀತೀಯಾ?”

“ಏರಿನಲ್ಲಿ ಕಲ್ಲಿಗೆ ಉಜ್ಜುತ್ತೆ.”

“ಆಗೆಲ್ಲಾ ಉಜ್ಜುತ್ತಿರಲಿಲ್ವಾ?”

“ಆಗ ನಮಗೆ ಬುದ್ಧಿ ಇರಲಿಲ್ಲ,” ಎಂದು ಗ್ರೈಂಡರ್ ಹಚ್ಚಿದ. ಕಿಡಿ ಹಾರಿತು. ಅವಳು ಕೈಯಿಂದ ಮುಖ ಮರೆಮಾಡಿಕೊಂಡು ಅಲ್ಲೇ ನಿಂತಿದ್ದಳು. ಅವನು ತಲೆಯೆತ್ತುವ ಹೊತ್ತಿಗೆ ಇರಲಿಲ್ಲ.

ಭಾನುವಾರ ಕಲ್ಲುಗಣಿಯಲ್ಲಿ ಭಾವನ ಗೆಳೆಯರ ದೊಡ್ಡ ದೊಡ್ಡ ಗಾಡಿಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಅಪ್ಪನ ಜೀಪು ದೊಡ್ಡವರ ಮದುವೆಗೆ ಬಂದ ಬಡ ನೆಂಟನ ಹಾಗೆ. ಅಕ್ಕ ಜಡೆಯನ್ನು ಗಂಟು ಹಾಕಿಕೊಂಡು ಹತ್ತಿದಳು. ಗುಂಡುಕಲ್ಲು ಲಿವರ್ ತೋರಿಸಿದ. “ಕೊರಕಲಿಗೆ ಮುಂಚೆ ಎಳಿ. ಮೇಲೆ ಹೋದ ಕೂಡಲೇ ಬಿಡು. ಬೇರೇನೂ ಮಾಡೋದು ಬೇಡ.” ಅಷ್ಟೇ ಹೇಳಿ ಕೆಳಗೆ ಬಂದು ನಿಂತ.

ಜೀಪು ಏರಿತು. ಹಳೆಯ ಎಂಜಿನ್ನಿನ ದನಿ ಅದೇ, ಉಳಿದದ್ದೆಲ್ಲ ಬೇರೆ. ಮೊದಲು ಹೊಟ್ಟೆ ಉಜ್ಜುತ್ತಿದ್ದ ಕಲ್ಲುಗಳ ಮೇಲೆ ಅದು ಕಾಲೆತ್ತಿ ಕಾಲಿಟ್ಟು ಹೋಯಿತು. ಕೊರಕಲಿನ ಬಾಯಿಗೆ ಬಂದು ನಿಂತಿತು.

ಅಕ್ಕ ಲಿವರಿಗೆ ಕೈ ಹಾಕಲಿಲ್ಲ. ಬ್ರೇಕ್ ಒತ್ತಿ ಹಿಡಿದು, ಸೀಟಿನಲ್ಲೇ ಮೈ ತಿರುಗಿಸಿ ಹಿಂದಕ್ಕೆ ನೋಡಿದಳು. ಕೆಳಗೆ ನಿಂತ ಜನರನ್ನಲ್ಲ, ಜೀಪಿನ ಎಡ ಹಿಂಭಾಗವನ್ನು. ಹಾಗೇ ಕಾದಳು, ಯಾರೋ ಹತ್ತಿ ಸರಿಯಾಗಿ ನಿಲ್ಲಲಿ ಎಂದು ಕಾಯುವವಳ ಹಾಗೆ. ಅಲ್ಲಿ ಕೊಯ್ದ ಕಬ್ಬಿಣ, ಅದರ ಮೇಲೆ ಹೊಸ ಕಪ್ಪು ಬಣ್ಣ, ಅಷ್ಟೇ ಇತ್ತು. ಎಂಜಿನ್ನು ಗುರುಗುಟ್ಟುತ್ತಿತ್ತು. ಆಮೇಲೆ ಎಚ್ಚರವಾದವಳಂತೆ ಮುಂದಕ್ಕೆ ತಿರುಗಿ, ಮುಂಗೈಯಿಂದ ಮುಖ ಒರೆಸಿಕೊಂಡಳು. ಲಿವರ್ ಟಕ್ಕೆಂದಿತು. ಎಡಚಕ್ರ ನೆಲ ಬಿಟ್ಟು ಎದ್ದಿತು. ಎದ್ದರೂ ಜೀಪು ನಿಲ್ಲಲಿಲ್ಲ. ಬಲಚಕ್ರ ಬಂಡೆ ಕಚ್ಚಿತು, ಗಾಡಿ ಕೊರಕಲು ದಾಟಿ ನೆತ್ತಿಗೇರಿತು.

ಜನ ಸಿಳ್ಳೆ ಹೊಡೆದರು. ಅಪ್ಪ ಹೆಗಲ ಟವೆಲ್ಲನ್ನು ಗಿರಗಿರನೆ ತಿರುಗಿಸಿದ. ಗುಂಡುಕಲ್ಲಿಗೆ ಆಗಷ್ಟೇ ತಿಳಿಯಿತು, ತಾನು ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು, ಎಡಕ್ಕೆ ವಾಲಿ ನಿಂತಿದ್ದೇನೆಂದು.

ಭಾವ ಪಕ್ಕಕ್ಕೆ ಬಂದ. ಹೆಂಡತಿಯ ಗೆಲುವಿಗೆ ಹಿಗ್ಗಿದರೂ ಬಾಯಿಯ ಚಟ ಬಿಡಲಾಗಲಿಲ್ಲ.

“ಹತ್ತಿಸಿಬಿಟ್ಟೆ, ಒಪ್ಪಿದೆ. ಆದ್ರೆ ಕೊರಕಲ ಹತ್ರ ಅಷ್ಟು ಹೊತ್ತು ಯಾಕೆ ನಿಲ್ಲಿಸಿದ್ಲು? ನಿನ್ನ ಲಾಕ್ ಕೈ ಕೊಡ್ತಾ? ಹೇಳು, ಯಾಕೆ ನಿಲ್ಲಿಸಿದ್ಲು?”

ಗುಂಡುಕಲ್ಲಿನ ನಾಲಗೆಯ ತುದಿಗೆ ಯಾವತ್ತೂ ನಾಲ್ಕು ಮಾತು ಸಿದ್ಧವಿರುತ್ತಿದ್ದವು. ಅವನು ಭಾವನ ಮುಖವನ್ನೊಮ್ಮೆ ನೋಡಿದ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. ಟೈರಿನ ಹೊಸ ಗುರುತುಗಳ ಪಕ್ಕದಲ್ಲೇ ಏರು ಹತ್ತುತ್ತ, ಅಕ್ಕನಿದ್ದ ನೆತ್ತಿಯ ಕಡೆಗೆ ನಡೆದುಬಿಟ್ಟ.